ಜೊತೆಗೆ ಕೆಲಸ ಮಾಡುವವರು ‘ಬದುಕು ಸಾಕಾಯ್ತು’ ಅಂದರೆ: ಮೆಲ್ಬರ್ನ್‌ಗೆ ಬಂದ ಹೊಸಬರಿಗೆ

ಮೆಲ್ಬರ್ನ್‌ನಲ್ಲಿ ಗೋಡೌನಿನ ನೈಟ್ ಶಿಫ್ಟಿಗೋ ಹೋಟೆಲ್ ಕಿಚನ್ನಿಗೋ ಸೇರಿದರೆ ಪಕ್ಕದಲ್ಲಿ ಶ್ರೀಲಂಕಾದ ತಮಿಳರು, ಇರಾನಿನವರು ಸಿಗಬಹುದು. ಕೆಲವರು 2012-13ರಲ್ಲಿ ದೋಣಿಯಲ್ಲಿ ಬಂದು ಆಶ್ರಯ ಕೇಳಿದವರು. 2023ರಲ್ಲಿ ಇವರಲ್ಲಿ ತಾತ್ಕಾಲಿಕ ವೀಸಾ ಇದ್ದವರಿಗೆ ಇಲ್ಲೇ ನೆಲೆಸುವ ದಾರಿ ಸಿಕ್ಕಿತು. ಅರ್ಜಿ ತಿರಸ್ಕಾರವಾದವರ ಪಾಡು ಬೇರೆ. ಬ್ರಿಡ್ಜಿಂಗ್ ವೀಸಾದಲ್ಲೇ, ಅಂದರೆ ತೀರ್ಮಾನ ಆಗುವವರೆಗೆ ಇರಲು ಕೊಡುವ ಅನುಮತಿಯಲ್ಲೇ, ವರ್ಷಗಳು ಕಳೆದವು, ಹೆಂಡತಿ ಮಕ್ಕಳು ಊರಲ್ಲೇ ಉಳಿದರು. ಬೆಂಗಳೂರಿಂದ ಬಂದ ನಮ್ಮಲ್ಲಿ ಬಹಳ ಜನಕ್ಕೆ ಅಷ್ಟಿಷ್ಟು ತಮಿಳು ಬರುತ್ತೆ ಅಲ್ವಾ, ಅದಕ್ಕೇ ನಮ್ಮ ಹತ್ತಿರ ಮನಸ್ಸು ಬಿಚ್ಚುತ್ತಾರೆ.

ವೀಸಾದ ಪತ್ರ ಬಂದ ವಾರ ಸ್ವಲ್ಪ ಗಮನ ಇಡಿ. ನಿದ್ದೆ ಇಲ್ಲ, ಮನೆಗೆ ಫೋನ್ ಮಾಡುವುದನ್ನೇ ಬಿಟ್ಟಿದ್ದಾರೆ, ತಮ್ಮ ಸಾಮಾನು ಹಂಚುತ್ತಿದ್ದಾರೆ ಅಂದರೆ ಸುಮ್ಮನಿರಬೇಡಿ. ನಮ್ಮವರು ತಕ್ಷಣ ‘ಎಲ್ಲಾ ಸರಿಹೋಗುತ್ತೆ ಬಿಡಿ, ದೇವರಿದ್ದಾನೆ’ ಅಂದುಬಿಡುತ್ತೇವೆ. ಅಲ್ಲಿಗೆ ಅವರ ಮಾತು ನಿಂತುಹೋಗುತ್ತದೆ. ನೇರವಾಗಿ ಕೇಳಿ: ‘ಅಣ್ಣಾ, ಸಾಯೋ ಯೋಚನೆ ಬರ್ತಿದೆಯಾ?’ ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಟ್ಟು ಹೋಗಬೇಡಿ. ಜೀವಕ್ಕೆ ಈಗಲೇ ಅಪಾಯ ಅನಿಸಿದರೆ ಇಲ್ಲಿನ ತುರ್ತು ನಂಬರ್ 000ಗೆ ಫೋನ್ ಮಾಡಿ.

ಮಾತಾಡಲು ಲೈಫ್‌ಲೈನ್ ಅನ್ನೋ ಸಹಾಯವಾಣಿ ಇದೆ, 13 11 14, ಹಗಲೂ ರಾತ್ರಿ. ಇಂಗ್ಲಿಷ್ ಕಷ್ಟವಾದರೆ ಮೊದಲು 131 450ಗೆ ಮಾಡಿ. ಅದು ಸರ್ಕಾರದ ದುಭಾಷಿ ಸೇವೆ. ‘ತಮಿಳ್’ ಅಂತ ಹೇಳಿ, ಲೈಫ್‌ಲೈನ್ ನಂಬರ್ ಕೊಟ್ಟು ಕನೆಕ್ಟ್ ಮಾಡಲು ಕೇಳಿ. ನಿಮ್ಮ ತಮಿಳು ಎಷ್ಟೇ ಚೆನ್ನಾಗಿರಲಿ, ನೀವೇ ದುಭಾಷಿಯಾಗಬೇಡಿ. ನಾಳೆ ಮತ್ತೆ ಜೊತೆಗೆ ಕೆಲಸ ಮಾಡಬೇಕಾದವರ ಮುಂದೆ ಯಾರೂ ಎಲ್ಲವನ್ನೂ ಹೇಳುವುದಿಲ್ಲ.

ಆಸ್ಪತ್ರೆ ಅಂದರೆ ಬಿಲ್ಲಿನ ಭಯ ಜಾಸ್ತಿ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಆಶ್ರಯ ಕೋರಿದವರಿಗೆ ಮೆಡಿಕೇರ್ (ಸರ್ಕಾರದ ಆರೋಗ್ಯ ವಿಮೆ) ಕಾರ್ಡ್ ಇಲ್ಲದಿದ್ದರೂ ದುಡ್ಡಿಲ್ಲದೆ ಚಿಕಿತ್ಸೆ ಸಿಗುತ್ತದೆ. ಇದನ್ನು ಅವರಿಗೆ ಮೊದಲೇ ಹೇಳಿಡಿ. ಯುದ್ಧ, ಹಿಂಸೆ ಕಂಡು ಬಂದವರಿಗೆ ಕೌನ್ಸೆಲಿಂಗ್ ಕೊಡುವ ಫೌಂಡೇಶನ್ ಹೌಸ್ ಬ್ರನ್ಸ್‌ವಿಕ್‌ನಲ್ಲಿದೆ. ವೀಸಾ ಗೊಂದಲಕ್ಕೆ ಫುಟ್ಸ್‌ಕ್ರೇಯ ಅಸೈಲಮ್ ಸೀಕರ್ ರಿಸೋರ್ಸ್ ಸೆಂಟರ್‌ಗೆ ಕರೆದುಕೊಂಡು ಹೋಗಿ. ‘ನನ್ನ ಪಿಆರ್ (ಕಾಯಂ ವಾಸದ ವೀಸಾ) ಹೀಗೆ ಆಯ್ತು, ನೀವೂ ಹೀಗೆ ಮಾಡಿ’ ಅಂತ ಸಲಹೆ ಕೊಡಲು ಹೋಗಬೇಡಿ. ಅವರ ಕೇಸೇ ಬೇರೆ. ಅದೂ ಅಲ್ಲದೆ, ಲೈಸೆನ್ಸ್ ಇಲ್ಲದವರು ಇನ್ನೊಬ್ಬರ ವೀಸಾ ಅರ್ಜಿಗೆ ಕೈಹಾಕುವುದು ಇಲ್ಲಿ ಅಪರಾಧವಾಗಬಹುದು.