ಬೆಳಗಿನ ಇಪ್ಪತ್ತು ನಿಮಿಷ, ರಾತ್ರಿಯ ಹತ್ತು: ನಾನು ಪಾಲಿಸುವ ಪ್ರಾರ್ಥನಾ ಕ್ರಮ

ಅಪೊಸ್ತಲ ಪೌಲನು ಫಿಲಿಪ್ಪಿ ಊರಿನ ಕ್ರೈಸ್ತ ಸಭೆಗೆ ಪತ್ರ ಬರೆದದ್ದು ಸೆರೆಯಲ್ಲಿದ್ದಾಗ. ಯಾವ ಸ್ಥಿತಿಯಲ್ಲಿದ್ದರೂ ಸಂತುಷ್ಟನಾಗಿರುವುದನ್ನು ಕಲಿತುಕೊಂಡಿದ್ದೇನೆ ಎಂದು ಅದರ ನಾಲ್ಕನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಕಲಿಯಬೇಕಾದದ್ದು ಅಂದಮೇಲೆ ಅದಕ್ಕೆ ಅಭ್ಯಾಸ ಬೇಕು, ಹೊತ್ತುಗೊತ್ತು ಬೇಕು. ಆತ್ಮಿಕ ತೃಪ್ತಿ ಯಾವುದೋ ವಿಶೇಷ ಕೂಟದಲ್ಲಿ, ಯಾವುದೋ ಗೀತೆಯ ನಡುವೆ ತಟ್ಟನೆ ಬಂದು ನೆಲೆಸುತ್ತದೆಂದು ಕಾಯುವವರು ಬಹಳ ಮಂದಿ. ಅಂಥ ಗಳಿಗೆಗಳು ಬರುತ್ತವೆ, ದೇವರಿಗೆ ಸ್ತೋತ್ರ. ಆದರೆ ವಾರದ ನಡುವೆ ಕೈಹಿಡಿಯುವುದು ದಿನನಿತ್ಯದ ಕ್ರಮವೇ. ನಾನು ಪಾಲಿಸುವ ಕ್ರಮವನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಇದರಲ್ಲಿ ನಾನಾಗಿ ಕಂಡುಹಿಡಿದದ್ದೇನೂ ಇಲ್ಲ. ಸಭೆ ಶತಮಾನಗಳಿಂದ ಕಾಪಾಡಿಕೊಂಡು ಬಂದದ್ದನ್ನೇ ಕೆಲಸ, ಸಂಸಾರ ಇರುವವರ ದಿನಕ್ಕೆ ಹೊಂದಿಸಿಕೊಂಡದ್ದು.

ಶುರುಮಾಡುವ ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಬೇಕು. ಈ ಕ್ರಮದಿಂದ ನಾವು ದೇವರ ಪ್ರೀತಿಯನ್ನು ಸಂಪಾದಿಸುವುದಿಲ್ಲ. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಪ್ರಾಣಕೊಟ್ಟನೆಂದು ರೋಮಾಪುರದವರಿಗೆ ಬರೆದ ಪತ್ರದ 5:8 ಹೇಳುತ್ತದೆ. ಇದನ್ನು ಮರೆತು ಕೂತರೆ ಕೆಲವೇ ವಾರಗಳಲ್ಲಿ ಪ್ರಾರ್ಥನೆ ಹಾಜರಿ ಹಾಕುವ ಕೆಲಸವಾಗುತ್ತದೆ. ಒಂದು ದಿನ ತಪ್ಪಿದರೆ ಅಳುಕು, ತಪ್ಪದಿದ್ದರೆ ಜಂಬ. ಎರಡೂ ತೃಪ್ತಿಯನ್ನು ತಿಂದುಹಾಕುತ್ತವೆ.

ಬೆಳಿಗ್ಗೆ ಇಪ್ಪತ್ತು ನಿಮಿಷ ಸಾಕು. ಹೊಸಬರು ಉತ್ಸಾಹದಲ್ಲಿ ಒಂದು ಗಂಟೆ ಅಂತ ಇಟ್ಟುಕೊಂಡು ಎರಡನೇ ವಾರಕ್ಕೆ ಕೈಬಿಡುತ್ತಾರೆ. ಗಡಿಯಾರದ ಸಮಯಕ್ಕಿಂತ ಹೇಗೂ ಮಾಡುವ ಒಂದು ಕೆಲಸಕ್ಕೆ ಪ್ರಾರ್ಥನೆಯನ್ನು ಕಟ್ಟಿಹಾಕಿ: ಮುಖ ತೊಳೆದ ಕೂಡಲೇ, ಬೇರೆ ಏನನ್ನೂ ಮುಟ್ಟುವ ಮೊದಲು. ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಸತ್ಯವೇದವನ್ನು ಫೋನಿನಲ್ಲೇ ಓದುತ್ತೇನೆ ಎನ್ನುವವರಿಗೂ ನನ್ನ ಸಲಹೆ ಇದೇ, ಈ ಹೊತ್ತಿಗೆ ಮಾತ್ರ ಅಚ್ಚಿನ ಪುಸ್ತಕ ಹಿಡಿಯಿರಿ. ಒಂದು ಸಂದೇಶ ಕಣ್ಣಿಗೆ ಬಿದ್ದರೆ ಸಾಕು, ಮನಸ್ಸು ಮತ್ತೆ ಕೂರುವುದಿಲ್ಲ. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿರಿ ಎಂದು ಯೇಸು ಹೇಳಿದ್ದು (ಮತ್ತಾಯ 6:6) ಈ ಕಾಲಕ್ಕೂ ಚೆನ್ನಾಗಿ ಹೊಂದುತ್ತದೆ. ಪ್ರತ್ಯೇಕ ಕೋಣೆ ಇಲ್ಲದವರಿಗೆ ಗೋಡೆಯ ಕಡೆ ಮುಖಮಾಡಿದ ಒಂದು ಕುರ್ಚಿ ಸಾಕು. ಬೆನ್ನು ನೆಟ್ಟಗಿರಲಿ, ಪಾದ ನೆಲಕ್ಕೆ ತಾಗಲಿ. ಹಾಸಿಗೆಯ ಮೇಲೆ ಕೂತರೆ ನಿದ್ದೆ ಬಂದೇ ಬರುತ್ತದೆ. ಪಕ್ಕದಲ್ಲಿ ಒಂದು ಚೀಟಿ, ಪೆನ್ನು ಇರಲಿ. ‘ಗ್ಯಾಸ್ ಬುಕ್ ಮಾಡಬೇಕು’ ಎಂಬ ಯೋಚನೆ ಬಂದರೆ ಅದರೊಡನೆ ಗುದ್ದಾಡಬೇಡಿ, ಚೀಟಿಯಲ್ಲಿ ಬರೆದು ಮುಂದೆ ಹೋಗಿ.

ಮೊದಲ ಎರಡು ನಿಮಿಷ ಸುಮ್ಮನಿರುವುದು. ‘ಕರ್ತನೇ, ನಿನ್ನ ಮುಂದೆ ಇದ್ದೇನೆ’ ಅನ್ನುವಷ್ಟು ಮಾತು ಸಾಕು. ಆಮೇಲೆ ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ, ಗಟ್ಟಿಯಾಗಿ, ನಿಧಾನವಾಗಿ, ಬಾಯಿಬಿಟ್ಟು. ಕಣ್ಣಿನಲ್ಲಿ ಓದಿದರೆ ಅದು ಓದಾಗಿಯೇ ಉಳಿಯುತ್ತದೆ. ಕಿವಿಗೆ ಬಿದ್ದಾಗ ಪ್ರಾರ್ಥನೆಯಾಗುತ್ತದೆ. 150 ಕೀರ್ತನೆಗಳಿವೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದರೆ 75 ದಿನಕ್ಕೆ ಒಂದು ಸುತ್ತು. ಆರನೇ ಶತಮಾನದ ಸನ್ಯಾಸಿ ಬೆನೆಡಿಕ್ಟನ ನಿಯಮ ಪಾಲಿಸುವ ಮಠಗಳಲ್ಲಿ ಒಂದೇ ವಾರಕ್ಕೆ ಅಷ್ಟನ್ನೂ ಮುಗಿಸುವ ನಿಯಮವಿತ್ತು. 1549ರಲ್ಲಿ ಇಂಗ್ಲೆಂಡಿನ ಸಭೆ ಅದನ್ನು ತಿಂಗಳಿಗೆ ಹಂಚಿತು, ದಿನಕ್ಕೆರಡು ಹೊತ್ತಿನಂತೆ ಅರವತ್ತು ಭಾಗ. ಆ ಹಂಚಿಕೆಯಲ್ಲಿ 176 ವಚನಗಳ 119ನೇ ಕೀರ್ತನೆಗೆ ಎರಡೂವರೆ ದಿನ ಬೇಕಾಗುತ್ತದೆ. ಕೆಲಸಕ್ಕೆ ಹೋಗುವವರಿಗೆ ನಾನು ಹೇಳುವುದು 75 ದಿನದ ಲೆಕ್ಕವನ್ನೇ. 119 ಬಂದಾಗ ದಿನಕ್ಕೆ ಎಂಟೆಂಟು ವಚನಗಳ ನಾಲ್ಕೈದು ಚರಣ ಸಾಕು.

ಇಷ್ಟವಾದ ಕೀರ್ತನೆಗಳನ್ನಷ್ಟೇ ಆರಿಸಿಕೊಳ್ಳುವುದು ದೊಡ್ಡ ನಷ್ಟ. ಧೈರ್ಯ ಹೇಳುವ 23 ಮತ್ತು 91ರಲ್ಲೇ ಸುತ್ತುವವರಿಗೆ ಕಷ್ಟ ಬಂದಾಗ ದೇವರ ಮುಂದೆ ಆಡಲು ಮಾತು ಸಿಗುವುದಿಲ್ಲ. 13ನೇ ಕೀರ್ತನೆ ‘ಎಲ್ಲಿಯ ತನಕ’ ಎಂದು ನಾಲ್ಕು ಸಲ ಕೇಳಿದ ಮೇಲೆಯೇ ಭರವಸೆಗೆ ಬರುವುದು. 88ನೆಯದಂತೂ ಭರವಸೆಯ ಮಾತಿಗೇ ಬರದೆ ಕತ್ತಲೆಯಲ್ಲೇ ನಿಲ್ಲುತ್ತದೆ. ಅಂಥದ್ದೂ ಪವಿತ್ರ ಗ್ರಂಥದಲ್ಲಿದೆ ಎಂಬುದೇ ನೊಂದವರಿಗೆ ದೊಡ್ಡ ಆಸರೆ. ನಿಮಗೆ ಆ ದಿನ ಸಂಕಟವಿಲ್ಲದಿದ್ದರೆ ಸಂಕಟದಲ್ಲಿರುವ ಒಬ್ಬರ ಹೆಸರು ನೆನೆದು ಅವರ ಪರವಾಗಿ ಅದನ್ನು ಓದಿ.

ಮುಂದಿನ ಹತ್ತು ನಿಮಿಷ ಯೇಸುವಿನ ಜೀವನ ಹೇಳುವ ಸುವಾರ್ತೆಗೆ. ಮಾರ್ಕನಿಂದ ಆರಂಭಿಸುವುದು ಒಳ್ಳೆಯದು, ಹದಿನಾರೇ ಅಧ್ಯಾಯ, ಕಥನ ಚುರುಕು. ದಿನಕ್ಕೆ ಎಂಟ್ಹತ್ತು ವಚನ ಮೀರಬೇಡಿ. ಎರಡೂವರೆ ತಿಂಗಳಲ್ಲಿ ಮುಗಿಯುತ್ತದೆ. ಓದುವ ಬಗೆಯನ್ನು ಹನ್ನೆರಡನೇ ಶತಮಾನದ ಕಾರ್ಥೂಸಿಯನ್ ಎಂಬ ಮಠಪರಂಪರೆಯ ಸನ್ಯಾಸಿ ಎರಡನೇ ಗೀಗೊ ನಾಲ್ಕು ಮೆಟ್ಟಿಲಾಗಿ ವಿಂಗಡಿಸಿದ: ಓದು, ಮನನ, ಪ್ರಾರ್ಥನೆ, ಆಮೇಲೆ ದೇವರ ಸನ್ನಿಧಿಯಲ್ಲಿ ಮೌನ. ರೂಢಿಯಲ್ಲಿ ಇದು ಹೇಗಿರುತ್ತದೆಂದು ಮಾರ್ಕ 10:46-52ರಲ್ಲಿ ನೋಡೋಣ.

ಯೆರಿಕೋವಿನ ದಾರಿಬದಿ ಭಿಕ್ಷೆಗೆ ಕೂತ ಕುರುಡ ಬಾರ್ತಿಮಾಯ. ಮೊದಲ ಓದಿನಲ್ಲಿ ಏನು ನಡೆಯಿತೆಂದು ಮಾತ್ರ ತಿಳಿದುಕೊಳ್ಳಿ: ಕೂಗಿದ, ಜನ ಗದರಿಸಿದರು, ಇನ್ನೂ ಜೋರಾಗಿ ಕೂಗಿದ, ಯೇಸು ನಿಂತ. ಎರಡನೇ ಸಲ ಇನ್ನೂ ನಿಧಾನವಾಗಿ ಓದುತ್ತಾ ಯಾವ ಮಾತು ನಿಮ್ಮನ್ನು ತಡೆದು ನಿಲ್ಲಿಸುತ್ತದೆ ನೋಡಿ. ಅವನು ತನ್ನ ಮೇಲುಹೊದಿಕೆಯನ್ನು ಬಿಸಾಡಿ ಎದ್ದ ಎಂಬಲ್ಲಿ ನಿಲ್ಲಬಹುದು. ಭಿಕ್ಷುಕನಿಗೆ ಇದ್ದ ಆಸ್ತಿ ಬಹುಶಃ ಅದೊಂದೇ. ಅಥವಾ ‘ನಾನು ನಿನಗೆ ಏನು ಮಾಡಬೇಕನ್ನುತ್ತೀ?’ ಎಂಬ ಪ್ರಶ್ನೆಯ ಹತ್ತಿರ. ಇದೇ ಪ್ರಶ್ನೆಯನ್ನು ಯೇಸು ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂಚೆ, 36ನೇ ವಚನದಲ್ಲಿ, ತನ್ನ ಶಿಷ್ಯರಾದ ಯಾಕೋಬ ಯೋಹಾನರಿಗೂ ಕೇಳಿದ್ದಾನೆ. ಅವರು ಕೇಳಿಕೊಂಡದ್ದು ಅವನ ಮಹಿಮೆಯಲ್ಲಿ ಎಡಬಲದ ಆಸನ. ಕುರುಡ ಕೇಳಿಕೊಂಡದ್ದು ದೃಷ್ಟಿ. ಇಷ್ಟು ಮನನ. ಈಗ ಪ್ರಶ್ನೆಯನ್ನು ನಿಮ್ಮ ಕಡೆ ತಿರುಗಿಸಿಕೊಳ್ಳಿ. ಇವತ್ತು ನನಗೆ ನಿಜವಾಗಿ ಬೇಕಾದದ್ದೇನು? ಮೊದಲು ಹೊಳೆಯುವ ಉತ್ತರ ಬಹುಮಟ್ಟಿಗೆ ಒಂದು ಆಸನವೇ ಆಗಿರುತ್ತದೆ: ಬಡ್ತಿ, ಮಾತಿನಲ್ಲಿ ಗೆಲುವು, ನಾಲ್ಕು ಜನರ ಮೆಚ್ಚುಗೆ. ಅದನ್ನು ಮುಚ್ಚಿಡದೆ ಹೇಳಿಬಿಡಿ. ಹೇಳಿದ ಮೇಲೆ ಅದರ ಅಡಿಯಲ್ಲಿರುವ ಹಸಿವು ಕಾಣತೊಡಗುತ್ತದೆ. ಈ ಹತ್ತರಲ್ಲಿ ಕೊನೆಯ ಎರಡು ನಿಮಿಷ ಏನನ್ನೂ ಹೇಳದೆ, ಕೇಳದೆ ಕೂತಿರುವುದು.

ಇಲ್ಲಿ ಸಾಮಾನ್ಯವಾಗಿ ಕೆಡುವುದು ಒಂದೇ ಜಾಗದಲ್ಲಿ: ಓದುತ್ತಿದ್ದಂತೆಯೇ ‘ಈ ವಚನ ಅವನಿಗೆ ಸರಿಯಾಗಿ ಹೊಂದುತ್ತೆ’ ಅನ್ನಿಸತೊಡಗುವುದು. ಬೋಧನೆ ಮಾಡುವವರಲ್ಲಿ ಇದು ಇನ್ನೂ ಹೆಚ್ಚು, ಓದಿದ್ದೆಲ್ಲ ಪ್ರಸಂಗದ ಸಾಮಗ್ರಿಯಾಗಿಬಿಡುತ್ತದೆ. ಅದಕ್ಕಾಗಿ ನಾನು ಬೆಳಗಿನ ಓದಿನ ಭಾಗವನ್ನು ಆ ವಾರ ಯಾರಿಗೂ ಹೇಳಿಕೊಡುವುದಿಲ್ಲ.

ಉಳಿದ ಹೊತ್ತು ಬೇಡಿಕೆಗಳಿಗೆ. ಏಳು ಚೀಟಿ ಮಾಡಿ, ವಾರದ ದಿನಕ್ಕೊಂದು, ಪ್ರತಿಯೊಂದರಲ್ಲೂ ಐದು ಹೆಸರಿಗಿಂತ ಹೆಚ್ಚು ಬೇಡ. ಮನೆಯವರ ಹೆಸರು ದಿನವೂ ಇರಲಿ. ಒಂದು ಚೀಟಿಯಲ್ಲಿ ನಿಮಗೆ ನೋವು ಕೊಟ್ಟವರ ಹೆಸರಿರಲೇಬೇಕು. ಅವರಿಗಾಗಿ ಉದ್ದುದ್ದ ಪ್ರಾರ್ಥನೆ ಬೇಕಿಲ್ಲ, ‘ಇವರಿಗೆ ಒಳ್ಳೆಯದು ಮಾಡು’ ಎಂದು ಹೆಸರು ಹಿಡಿದು ಹೇಳಿ. ತಿಂಗಳಾನುಗಟ್ಟಲೆ ಹೇಳಿದ ಮೇಲೆ ಒಂದು ದಿನ ಆ ಮಾತು ಬಾಯಿಗೆ ಭಾರವಾಗದೆ ಬರುತ್ತದೆ. ಕ್ಷಮಿಸುವುದೆಂದರೆ ಅಪಾಯದೊಳಕ್ಕೆ ವಾಪಸು ಹೋಗುವುದೆಂದು ಮಾತ್ರ ಯಾರೂ ತಿಳಿಯಬಾರದು. ಹೊಡೆಯುವವರಿಂದ, ಹಿಂಸಿಸುವವರಿಂದ ದೂರ ಉಳಿದೇ ಕ್ಷಮಿಸಬಹುದು.

ರಾತ್ರಿ ಹತ್ತು ನಿಮಿಷ ಆತ್ಮಪರಿಶೋಧನೆ. 1548ರಲ್ಲಿ ಅಚ್ಚಾದ ತನ್ನ ‘ಆತ್ಮಿಕ ಅಭ್ಯಾಸಗಳು’ ಪುಸ್ತಕದಲ್ಲಿ ಜೆಸ್ವಿಟ್ ಸಂಘದ ಸ್ಥಾಪಕ ಲೊಯೋಲದ ಇಗ್ನೇಷಿಯಸ್ ಕೊಟ್ಟ ಐದು ಹೆಜ್ಜೆಯ ಕ್ರಮ ಇದಕ್ಕೆ ಬಹಳ ಅನುಕೂಲ. ಉಪಕಾರಸ್ಮರಣೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆ ಗಂಟೆಯಾಗಿ ತಿರುವಿಹಾಕುವುದು, ಕ್ಷಮೆ ಕೇಳುವುದು, ನಾಳೆಗೆ ನಿರ್ಧಾರ. ಉಪಕಾರಸ್ಮರಣೆ ಮೊದಲು ಬರುವುದಕ್ಕೆ ಕಾರಣವಿದೆ: ತಪ್ಪುಗಳಿಂದ ಶುರುಮಾಡಿದರೆ ಹತ್ತು ನಿಮಿಷವೂ ಅದರಲ್ಲೇ ಮುಳುಗಿಹೋಗುತ್ತದೆ. ಹೇಳುವಾಗ ಬಿಡಿಬಿಡಿಯಾಗಿ ಹೇಳಿ. ‘ನಾನು ಪಾಪಿ’ ಎಂದರೆ ಯಾರಿಗೂ ನೋಯುವುದಿಲ್ಲ, ಏನೂ ಬದಲಾಗುವುದಿಲ್ಲ. ‘ಮಧ್ಯಾಹ್ನ ತಮ್ಮ ಮಾತು ಮುಗಿಸುವ ಮೊದಲೇ ಸಿಡುಕಿದೆ, ಅವನು ಹೇಳುತ್ತಿದ್ದದ್ದು ಸರಿಯಾಗಿತ್ತು’ ಎಂದರೆ ನಾಳೆ ಮಾಡಬೇಕಾದದ್ದು ತಾನಾಗಿ ತಿಳಿಯುತ್ತದೆ. ಬಲಿಪೀಠದ ಮುಂದೆ ಕಾಣಿಕೆ ಬಿಟ್ಟು ಮೊದಲು ಸಹೋದರನೊಡನೆ ಒಂದಾಗು ಎಂಬುದನ್ನು (ಮತ್ತಾಯ 5:23-24) ಅಕ್ಷರಶಃ ಪಾಲಿಸಬೇಕು. ಸಾಲ ತೀರಿಸದೆ, ಕ್ಷಮೆ ಕೇಳದೆ ಪ್ರಾರ್ಥನೆಯಲ್ಲಿ ಸಮಾಧಾನ ಹುಡುಕಿದರೆ ಸಿಗುವುದಿಲ್ಲ. ಸುಂಕ ವಸೂಲಿಯ ಜಕ್ಕಾಯನು ಯೇಸುವಿನ ಮುಂದೆ, ಮೋಸದಿಂದ ತೆಗೆದುಕೊಂಡದ್ದಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದ.

ಒಪ್ಪಿಕೊಂಡ ತಪ್ಪನ್ನೇ ಮತ್ತೆ ಮತ್ತೆ ಒಪ್ಪಿಕೊಳ್ಳುವವರು, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ನಿದ್ದೆಗೆಡುವವರು ಈ ಪರಿಶೋಧನೆಯನ್ನು ಮೂರು ನಿಮಿಷಕ್ಕೆ ಇಳಿಸಬೇಕು. ಅದರಲ್ಲಿ ಎರಡು ನಿಮಿಷ ಉಪಕಾರಸ್ಮರಣೆಗೇ ಇರಲಿ. ಈ ಕಾಟ ಸ್ಪೇನಿನ ಮನ್ರೇಸಾ ಊರಿನಲ್ಲಿ ಇಗ್ನೇಷಿಯಸನನ್ನೇ ಹಿಂಡಿತ್ತು. ಅದು ಭಕ್ತಿ ಹೆಚ್ಚಾದುದರ ಗುರುತಲ್ಲ. ಒಬ್ಬ ಪಾದ್ರಿಯ ಅಥವಾ ಹಿರಿಯ ವಿಶ್ವಾಸಿಯ ಮಾತಿಗೆ ಕಟ್ಟುಬಿದ್ದು ಒಂದು ಸಲ ಹೇಳಿದ್ದನ್ನು ಮತ್ತೆ ಎತ್ತದಿರುವುದು ಒಂದು ದಾರಿ. ಹಿಡಿತಕ್ಕೆ ಸಿಗದಿದ್ದರೆ ಮನೋವೈದ್ಯರನ್ನು ಕಾಣಬೇಕು, ಅದಕ್ಕೆ ಚಿಕಿತ್ಸೆ ಇದೆ.

ಇನ್ನು ಒಣಗಿದ ದಿನಗಳ ವಿಷಯ. ಹೆಚ್ಚಿನವರು ಬಿಟ್ಟುಹೋಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೆಲವು ತಿಂಗಳಾದ ಮೇಲೆ ಮೊದಲಿನ ಸಿಹಿ ಹೋಗುತ್ತದೆ. ವಚನ ಬರೀ ಅಕ್ಷರ, ಪ್ರಾರ್ಥನೆ ಗೋಡೆಗೆ ಹೇಳಿದ ಮಾತು. ಆಗ ಮೊದಲು ಶರೀರವನ್ನು ನೋಡಿ. ಸಾಯಬೇಕೆಂದು ಬೇಡಿಕೊಂಡ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಮಲಗಿದ್ದವನನ್ನು ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ಉಣ್ಣಿಸಿದ (1 ಅರಸುಗಳು 19). ದೇವರ ಸ್ವರ ಕೇಳಿಸಿದ್ದು ಅದಾದ ಎಷ್ಟೋ ದಿನಗಳ ಮೇಲೆ. ನಿದ್ದೆ, ಊಟ, ಕಾಯಿಲೆ ಸರಿಯಿದೆಯೇ? ಯಾವುದರಲ್ಲೂ ಆಸಕ್ತಿಯಿಲ್ಲದೆ, ಬದುಕೇ ಬೇಡ ಎನ್ನಿಸುತ್ತಾ ಎರಡು ವಾರ ಕಳೆದರೆ ಅದು ಖಿನ್ನತೆ ಇರಬಹುದು. ತಡಮಾಡದೆ ವೈದ್ಯರ ಬಳಿ ಹೋಗಿ. ನಂಬಿಕೆ ಕಡಿಮೆಯಾಯಿತೆಂದು ಅಂಥವರನ್ನು ಗದರಿಸುವುದು ಕ್ರೂರತನ.

ಶರೀರ ಸರಿಯಿದ್ದರೆ ಇಗ್ನೇಷಿಯಸ್ ಹೇಳುವ ಮೂರು ಕಾರಣಗಳನ್ನು ಒಂದೊಂದಾಗಿ ನೋಡಿ. ನಮ್ಮ ಅಸಡ್ಡೆ ಒಂದು: ಹೊತ್ತು ಕತ್ತರಿಸುತ್ತಾ ಬಂದಿರುತ್ತೇವೆ, ಅಥವಾ ಗೊತ್ತಿರುವ ಒಂದು ತಪ್ಪನ್ನು ಮುಟ್ಟದೆ ಬದಿಗಿಟ್ಟಿರುತ್ತೇವೆ. ಸಿಹಿ ಇಲ್ಲದಾಗಲೂ ನಾವು ಎಷ್ಟು ದೂರ ಬರುತ್ತೇವೆಂಬ ಪರೀಕ್ಷೆ ಇನ್ನೊಂದು. ಆದರಣೆ ನಮ್ಮ ಗಳಿಕೆಯಲ್ಲ, ದೇವರ ಕೃಪೆ ಎಂದು ಒಳಗಿನಿಂದ ತಿಳಿಯಲಿಕ್ಕೆ ಎಂಬುದು ಮೂರನೆಯದು. ಮೊದಲನೆಯದಾದರೆ ಸರಿಪಡಿಸಿ. ಉಳಿದೆರಡಾದರೆ ಕ್ರಮ ಬದಲಿಸದೆ ಕಾಯಿರಿ. ಮನಸ್ಸು ಒಣಗಿರುವಾಗ ಹಿಂದಿನ ಒಳ್ಳೆಯ ನಿರ್ಧಾರವನ್ನು ಬದಲಿಸಬಾರದೆಂಬುದು ಅವನ ನಿಯಮ. ಸಭೆ ಬಿಡುವುದು, ಸೇವೆ ಬಿಡುವುದು, ಯಾವುದನ್ನೂ ಆ ದಿನಗಳಲ್ಲಿ ತೀರ್ಮಾನಿಸಬೇಡಿ (ಅನ್ಯಾಯವೋ ದೌರ್ಜನ್ಯವೋ ನಡೆಯುವ ಜಾಗದಿಂದ ಹೊರಡುವುದು ಬೇರೆ ಮಾತು). ಅವನದೇ ಇನ್ನೊಂದು ಸಲಹೆ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಎದ್ದುಹೋಗಬೇಕು ಅನ್ನಿಸಿದ ದಿನ ನಿಗದಿಯಾದ ಹೊತ್ತಿಗಿಂತ ಸ್ವಲ್ಪ ಹೆಚ್ಚೇ ಕೂರುವುದು. ಇಪ್ಪತ್ತರ ಬದಲು ಇಪ್ಪತ್ತೆರಡು ನಿಮಿಷ, ಅಷ್ಟೇ. ಆ ಎರಡು ನಿಮಿಷದಲ್ಲಿ ಏನೂ ಅನ್ನಿಸಬೇಕಾಗಿಲ್ಲ.

ಒಬ್ಬರೇ ಮಾಡುವ ಭಕ್ತಿ ಬೇಗ ಸೊರಗುತ್ತದೆ. ಭಾನುವಾರದ ಆರಾಧನೆ, ಕರ್ತನ ಭೋಜನ ಈ ಕ್ರಮದ ಮೂಲ, ಮೇಲಿನದೆಲ್ಲ ಅದರಿಂದ ಹೊರಟು ಅಲ್ಲಿಗೇ ಮರಳುವಂಥದ್ದು. ಅದರ ಜೊತೆಗೆ ತಿಂಗಳಿಗೊಮ್ಮೆ ಒಬ್ಬರ ಮುಂದೆ ಮನಸ್ಸು ಬಿಚ್ಚಬೇಕು. ಕಥೋಲಿಕರಿಗೆ, ಆರ್ಥೊಡಾಕ್ಸ್ ಸಭೆಯವರಿಗೆ ಪಾಪನಿವೇದನೆಯ ಸಂಸ್ಕಾರವಿದೆ. ಬೇರೆಯವರು ಯಾಕೋಬ 5:16 ಹೇಳುವಂತೆ ಒಬ್ಬ ನಂಬಿಗಸ್ತ ವಿಶ್ವಾಸಿಯನ್ನು ಆರಿಸಿಕೊಳ್ಳಬಹುದು. ಆರಿಸುವಾಗ ನೋಡಬೇಕಾದದ್ದು: ಇತರರ ಗುಟ್ಟನ್ನು ನಿಮ್ಮ ಮುಂದೆ ಹೇಳುವವರು ಬೇಡ, ನಿಮ್ಮಿಂದ ಹಣವನ್ನೋ ವಿಧೇಯತೆಯನ್ನೋ ಬಯಸುವವರು ಬೇಡವೇ ಬೇಡ.

ವಾರಕ್ಕೊಂದು ಸಲ ಯಾರಿಗೂ ತಿಳಿಯದ ಒಂದು ಸೇವೆ ಮಾಡಿ. ರೋಗಿಯ ಹತ್ತಿರ ಒಂದು ಗಂಟೆ ಕೂರುವುದು, ಆರಾಧನೆಯ ನಂತರ ಚಾಪೆ ಮಡಚಿಡುವುದು, ಏನಾದರೂ ಸರಿ, ಎಡಗೈಗೆ ಗೊತ್ತಾಗದ ಹಾಗೆ. ಉಪವಾಸ ಒಂದೇ ಹೊತ್ತಿನದು ಸಾಕು, ಆ ಊಟದ ಹಣ ಹಸಿದವರಿಗೆ ಹೋಗಬೇಕು (ಯೆಶಾಯ 58 ಕೇಳುವ ಉಪವಾಸ ಅದೇ). ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುವವರು ಊಟ ಬಿಡಬೇಡಿ. ಒಂದು ದಿನ ಫೋನಿನ ಮನರಂಜನೆ ಬಿಟ್ಟರೂ ಆಯಿತು.

ಫಲ ಬರುತ್ತಿದೆಯೇ ಎಂದು ಪ್ರಾರ್ಥನೆಯಲ್ಲಿ ಆದ ಅನುಭವದಿಂದ ಅಳೆಯಬೇಡಿ. ಗಲಾತ್ಯ 5:22-23ರಲ್ಲಿ ಪ್ರೀತಿಯಿಂದ ಶಮೆದಮೆಯವರೆಗೆ, ಅಂದರೆ ಆತ್ಮಸಂಯಮದವರೆಗೆ, ಒಂಬತ್ತು ಗುಣಗಳಿವೆ, ಹೆಚ್ಚಿನವು ಇನ್ನೊಬ್ಬರ ಜೊತೆಯಲ್ಲಿದ್ದಾಗಲೇ ಕಾಣುವಂಥವು. ಆರು ತಿಂಗಳಿಗೊಮ್ಮೆ ಮನೆಯಲ್ಲಿ ಒಬ್ಬರನ್ನು ಕೇಳಿ, ‘ಮೊದಲಿಗಿಂತ ನನ್ನ ಜೊತೆ ಇರೋದು ಸುಲಭವಾಗಿದೆಯಾ?’ ಅವರು ಇಲ್ಲ ಎಂದರೆ ವಾದಿಸದೆ, ಒಂಬತ್ತರಲ್ಲಿ ಯಾವುದು ಕಾಣುತ್ತಿಲ್ಲ ಎಂದು ಕೇಳಿಕೊಂಡು, ಮುಂದಿನ ತಿಂಗಳಿಡೀ ರಾತ್ರಿಯ ಪರಿಶೋಧನೆಯಲ್ಲಿ ಅದೊಂದನ್ನೇ ಹಿಡಿಯಿರಿ.

ಪ್ರಯಾಣ, ಕಾಯಿಲೆ, ಸಾವು ನೋವು ಎಂದು ಕ್ರಮ ತಪ್ಪೇ ತಪ್ಪುತ್ತದೆ. ಬಿಟ್ಟುಹೋದ ಕೀರ್ತನೆಗಳನ್ನೆಲ್ಲ ಒಟ್ಟುಹಾಕಿ ಓದಿ ಸರಿದೂಗಿಸಲು ಹೋಗಬೇಡಿ. ಗುರುತಿನ ದಾರ ಎಲ್ಲಿದೆಯೋ ಅಲ್ಲಿಂದ ಒಂದನ್ನು ಓದಿ. ಅಷ್ಟಕ್ಕೂ ಆಗದ ದಿನ ಕರ್ತನು ಕಲಿಸಿದ ಪ್ರಾರ್ಥನೆಯನ್ನು ಒಂದೇ ಸಲ, ಒಂದೊಂದು ಬೇಡಿಕೆಯ ನಂತರ ಒಂದು ಉಸಿರು ಬಿಟ್ಟು ಹೇಳಿ. ಎರಡು ನಿಮಿಷ ಹಿಡಿಯುತ್ತದೆ.