ಬಹುವಾರ್ಷಿಕ ವಿದ್ಯುತ್ ದರ ಯೋಜನೆ ರೂಪಿಸುವುದು ಹೇಗೆ?

ವಿದ್ಯುತ್ ನಿಯಂತ್ರಣ ಆಯೋಗ ವರ್ಷ ವರ್ಷವೂ ಖರ್ಚಿನ ಲೆಕ್ಕ ನೋಡಿ ದರ ನಿಗದಿ ಮಾಡುವ ಪದ್ಧತಿಯಲ್ಲಿ, ಖರ್ಚು ಉಳಿಸಿದ ವಿದ್ಯುತ್ ಕಂಪನಿಗೆ ಸಿಗುವ ಪ್ರತಿಫಲ ಮರುವರ್ಷದ ದರ ಕಡಿತ. ಹಾಗಿದ್ದ ಮೇಲೆ ಅದು ಏಕೆ ಉಳಿಸೀತು? ಮೂರರಿಂದ ಐದು ವರ್ಷಗಳ ಮಟ್ಟಿಗಾದರೂ ದರವನ್ನು ಕಂಪನಿಯ ವಾಸ್ತವ ಖರ್ಚಿನಿಂದ ಬಿಡಿಸಿಡುವುದೇ ಬಹುವಾರ್ಷಿಕ ಯೋಜನೆಯ ಜೀವಾಳ.

ಮೊದಲ ಹೆಜ್ಜೆ ಆಧಾರ ವರ್ಷ, ಅಂದರೆ ಯಾವ ವರ್ಷದ ಖರ್ಚು ಇಡೀ ಅವಧಿಯ ದರಕ್ಕೆ ಬುನಾದಿಯಾಗುತ್ತದೋ ಆ ವರ್ಷ. ನನ್ನ ದೃಷ್ಟಿಯಲ್ಲಿ ಅರ್ಧ ಯುದ್ಧ ಇಲ್ಲೇ ಮುಗಿಯುತ್ತದೆ. ಹೊಸ ಅವಧಿ ಬರುತ್ತಿದೆ ಎಂದು ತಿಳಿದ ಕಂಪನಿ ದುರಸ್ತಿ, ನೇಮಕಾತಿಗಳನ್ನೆಲ್ಲ ಆ ಒಂದೇ ವರ್ಷಕ್ಕೆ ತುಂಬಲು ನೋಡುತ್ತದೆ. ಆದ್ದರಿಂದ ಮೂರು ವರ್ಷಗಳ ಲೆಕ್ಕಪರಿಶೋಧಿತ ಸರಾಸರಿ ಹಿಡಿಯಿರಿ. ಚಂಡಮಾರುತದ ದುರಸ್ತಿಯಂಥ ಒಮ್ಮೆ ಮಾತ್ರ ಬರುವ ಖರ್ಚನ್ನು ತೆಗೆದುಹಾಕಿ. ಇಲ್ಲಿ ಉಬ್ಬಿದ ಮೊತ್ತವನ್ನು ಗ್ರಾಹಕರು ಅವಧಿ ಮುಗಿಯುವವರೆಗೂ ತೆರಬೇಕಾಗುತ್ತದೆ.

ನಂತರ ಸೂತ್ರ. ಬ್ರಿಟನ್ 1984ರಲ್ಲಿ ದೂರವಾಣಿಗೆ, 1990ರಲ್ಲಿ ವಿದ್ಯುತ್ತಿಗೆ ಅನ್ವಯಿಸಿದ ವಿಧಾನ ಸರಳವಾದದ್ದು: ಹಣದುಬ್ಬರದಿಂದ ದಕ್ಷತೆಯ ಗುರಿಯನ್ನು, ಅಂದರೆ ಕಂಪನಿ ವರ್ಷಕ್ಕೆ ಉಳಿಸಲೇಬೇಕಾದ ಪ್ರಮಾಣವನ್ನು, ಕಳೆದು ಉಳಿದಷ್ಟೇ ಏರಿಕೆಗೆ ಅನುಮತಿ ಕೊಡುವುದು. ಆಧಾರ ಆದಾಯ 1000, ಹಣದುಬ್ಬರ ಶೇ 5, ದಕ್ಷತೆಯ ಗುರಿ ಶೇ 1.5 ಎಂದಿಟ್ಟುಕೊಂಡರೆ ಮರುವರ್ಷ ಅನುಮತಿಸುವ ಆದಾಯ 1035. ಕಂಪನಿ 1010ರಲ್ಲೇ ಕೆಲಸ ಮುಗಿಸಿದರೆ ಉಳಿದ 25 ಅದರದ್ದೇ.

ಮೂರನೆಯದು ಹೊಣೆ ಹಂಚಿಕೆ. ಇಂಧನದ ಬೆಲೆ, ತೆರಿಗೆ ಬದಲಾವಣೆಯಂಥ ಕೈಮೀರಿದ ವೆಚ್ಚಗಳು ಗ್ರಾಹಕರಿಗೆ ವರ್ಗವಾಗಲಿ. ಆದರೆ ಈ ಪಟ್ಟಿಯ ವಿಷಯದಲ್ಲಿ ಜಿಪುಣರಾಗಿರಿ. ವಿತರಣಾ ನಷ್ಟವನ್ನು ಅದರೊಳಗೆ ಸೇರಿಸಿದರೆ ಸೋರಿಕೆ ತಡೆಯುವ ಹಂಬಲವೇ ಸತ್ತುಹೋಗುತ್ತದೆ; ಅದಕ್ಕೆ ವರ್ಷಕ್ಕಿಷ್ಟು ಇಳಿಯಬೇಕೆಂಬ ಗುರಿ ಕೊಡಿ. ದೊಡ್ಡ ಬಂಡವಾಳ ಕಾಮಗಾರಿಗಳು ಸೂತ್ರಕ್ಕೆ ಒಗ್ಗುವುದಿಲ್ಲ. ಅವುಗಳಿಗೆ ಪ್ರತ್ಯೇಕ ಅನುಮೋದನೆ ಇರಲಿ. ಕಟ್ಟದ ಉಪಕೇಂದ್ರದ ಹಣ ಬಡ್ಡಿ ಸಮೇತ ಗ್ರಾಹಕರಿಗೆ ಮರಳಲಿ.

ಮಾರ್ಗದ ಮರಗಳ ಕೊಂಬೆ ಕಡಿಯದೆ ಬಿಟ್ಟರೂ ಹಣ ಉಳಿಯುತ್ತದೆ. ಹಾಗಾಗಿ ಗುಣಮಟ್ಟದ ಷರತ್ತು ಇಲ್ಲದ ಯೋಜನೆಗೆ ಸಹಿ ಹಾಕಲೇಬಾರದು. ಒಬ್ಬ ಗ್ರಾಹಕರಿಗೆ ವರ್ಷದಲ್ಲಿ ಸರಾಸರಿ ಎಷ್ಟು ಸಲ, ಎಷ್ಟು ಹೊತ್ತು ವಿದ್ಯುತ್ ಕಡಿತವಾಯಿತು ಎಂಬೆರಡು ಅಳತೆಗಳಿಗೆ ದಂಡವನ್ನು ಜೋಡಿಸಿ.

ಅವಧಿ ಉದ್ದವಾದಷ್ಟೂ ಉಳಿಸುವ ಆಸೆ ಹೆಚ್ಚು, ಅಂದಾಜು ತಪ್ಪುವ ಅಪಾಯವೂ ಹೆಚ್ಚು. ಬ್ರಿಟನ್ 2013ರಲ್ಲಿ ಪ್ರಸರಣ ಜಾಲಗಳಿಗೆ 8 ವರ್ಷ ಕೊಟ್ಟು, 2021ರಿಂದ 5 ವರ್ಷಕ್ಕೆ ಮರಳಿತು. ಲಾಭ ನಿಗದಿತ ಮಿತಿ ದಾಟಿದರೆ ಗ್ರಾಹಕರಿಗೂ ಪಾಲು, ತೀರಾ ಏರುಪೇರಾದರೆ ಮರುಪರಿಶೀಲನೆ: ಇವೆರಡನ್ನೂ ಆದೇಶದಲ್ಲೇ ಬರೆದಿಡಿ.

ಕೊನೆಯ ವರ್ಷದ ಬಗ್ಗೆ ವಿಶೇಷ ಎಚ್ಚರ ಬೇಕು. ಮುಂದಿನ ಆಧಾರ ಹತ್ತಿರವಾದಂತೆ ಕಂಪನಿ ಉಳಿತಾಯವನ್ನು ಮುಂದೂಡುತ್ತದೆ. ಯಾವ ವರ್ಷ ಉಳಿಸಿದರೂ ಅದರ ಲಾಭ ಐದು ವರ್ಷ ಕಂಪನಿಗೇ ಎಂಬ ನಿಯಮವಿದ್ದರೆ ಹಾಗೆ ಕಾಯುವುದರಿಂದ ಅದಕ್ಕೆ ಸಿಗುವುದೇನೂ ಇರುವುದಿಲ್ಲ.