ಸೆಕೆಗಾಲದ ತರಕಾರಿ ಬುಟ್ಟಿ: ಫೆಬ್ರುವರಿಯಲ್ಲೇ ತಯಾರಿ ಹೇಗೆ?

ಪೇಟೆಯ ಅಂಗಡಿಗೆ ಏಪ್ರಿಲ್‌ನಲ್ಲೂ ಟೊಮೆಟೊ, ಬೀನ್ಸ್ ಘಟ್ಟದ ಮೇಲಿನಿಂದ ಲಾರಿಯಲ್ಲಿ ಬಂದಿಳಿಯುತ್ತದೆ. ಊರಿನ ಇಪ್ಪತ್ತು ಮೂವತ್ತು ಮನೆಗಳಿಂದ ಹಂಗಾಮಿಗೆ ಮೊದಲೇ ಹಣ ಪಡೆದು, ವಾರಕ್ಕೊಮ್ಮೆ ತನ್ನದೇ ಗದ್ದೆಯ ತರಕಾರಿ ಬುಟ್ಟಿ ಮುಟ್ಟಿಸಲು ಒಪ್ಪಿಕೊಂಡ ರೈತನಿಗೆ ಆ ಲಾರಿಯ ಆಸರೆ ಇಲ್ಲ. ಗದ್ದೆ ಕೊಟ್ಟಿದ್ದೇ ಬುಟ್ಟಿಗೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಇಂಥ ಸಣ್ಣ ತೋಟ ನಡೆಸುವವರು ಬೇಸಿಗೆಯನ್ನು ದಾಟುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ನೋಡೋಣ.

ಮೊದಲು, ರಾತ್ರಿಯ ಸೆಕೆ ನೋಡಿ ಬೆಳೆ ಆರಿಸಿ

ಹಗಲಿನ ಬಿಸಿಲನ್ನು ಎಲ್ಲರೂ ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮ ಕರಾವಳಿಯಲ್ಲಿ ಬೆಳೆಯ ಹಣೆಬರಹ ಬರೆಯುವುದು ರಾತ್ರಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ರಾತ್ರಿಯೂ ಉಷ್ಣಾಂಶ 25 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಟೊಮೆಟೊ ಚೆನ್ನಾಗಿ ಕಾಯಿ ಕಚ್ಚಬೇಕಾದರೆ ರಾತ್ರಿ 21-22 ಡಿಗ್ರಿಗಿಂತ ತಂಪಿರಬೇಕು. ಇಲ್ಲವಾದರೆ ಪರಾಗ ಸತ್ವ ಕಳೆದುಕೊಂಡು ಹೂವು ಉದುರುತ್ತದೆ. ಕಚ್ಚಿದ ಕಾಯಿಯೂ ಹಗಲು 30 ಡಿಗ್ರಿ ಮೀರಿದರೆ ಸರಿಯಾಗಿ ಕೆಂಪೇರದೆ ಹಳದಿ ಹಳದಿಯಾಗಿ ಉಳಿಯುತ್ತದೆ. ಗೊಬ್ಬರ ಸುರಿದರೆ ಇದು ಸರಿಹೋಗುವುದಿಲ್ಲ. ಬೀನ್ಸ್ ಕಥೆಯೂ ಇದೇ. ಕೊತ್ತಂಬರಿ ಬೇಗ ಹೂ ಬಿಟ್ಟು ಮುಗಿಸುತ್ತದೆ, ಮೂಲಂಗಿ ಒಳಗೆ ಬೆಂಡಾಗುತ್ತದೆ.

ಆದ್ದರಿಂದ ಕರಾವಳಿಯಲ್ಲಿ ಟೊಮೆಟೊವನ್ನು ಮಾರ್ಚ್ ಒಳಗೆ ಕೊಯ್ದು ಮುಗಿಯುವಂತೆ ನಾಟಿ ಮಾಡಿ, ಆಮೇಲೆ ಬಿಟ್ಟುಬಿಡಿ. ಬೇಕೇಬೇಕಾದರೆ ಶಿರಸಿ ಕಡೆಯ ಬೆಳೆಗಾರರೊಬ್ಬರ ಜೊತೆ ಮಾತಾಡಿಕೊಳ್ಳಿ. ಘಟ್ಟದ ಮೇಲೆ ರಾತ್ರಿ ತಂಪು ಹೆಚ್ಚು, ಅಲ್ಲಿ ಟೊಮೆಟೊ ಇನ್ನಷ್ಟು ದಿನ ಕಾಯಿ ಬಿಡುತ್ತದೆ. ನಿಮ್ಮ ಗದ್ದೆಗೆ ಹರಿವೆ, ಬಸಳೆ, ಬೆಂಡೆ, ಅಳಸಂದೆ, ಹೀರೆ, ಪಡವಲ, ಹಾಗಲ, ಮೊಗೆ (ಸಾಂಬಾರು ಸೌತೆ) ಸಾಕು. ಹರಿವೆಯಂತೂ ಬಿಸಿಲು ಕಂಡಷ್ಟೂ ಹುರುಪಾಗುವ ಸೊಪ್ಪು, ಬಿತ್ತಿದ 25-30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಹತ್ತು ದಿನಕ್ಕೊಂದು ಮಡಿ ಬಿತ್ತುತ್ತ ಹೋದರೆ ಯಾವ ವಾರವೂ ಬುಟ್ಟಿ ಸೊಪ್ಪಿಲ್ಲದೆ ಹೋಗುವುದಿಲ್ಲ. ಹೆದ್ದಾರಿ ಬದಿಯಲ್ಲಿ ಜಡೆ ಕಟ್ಟಿ ತೂಗುಹಾಕುವ ಕುಮಟಾದ ಸಿಹಿ ಈರುಳ್ಳಿ ಬರುವುದೂ ಇದೇ ಹೊತ್ತಿಗೆ.

ಈ ಪಟ್ಟಿಯನ್ನು ಫೆಬ್ರುವರಿಯಲ್ಲೇ ಬರೆದು ಎಲ್ಲ ಮನೆಗಳಿಗೂ ಕೊಡಿ. ಏಪ್ರಿಲ್‌ನಲ್ಲಿ ಟೊಮೆಟೊ ಇರುವುದಿಲ್ಲ ಎಂಬುದೂ ಅದರಲ್ಲಿರಲಿ. ಬೆಳೆಯ ಲಾಭ ನಷ್ಟ ಎರಡರಲ್ಲೂ ಪಾಲು ಹಿಡಿಯುತ್ತೇವೆಂದು ಬಂದವರಿಗೆ ಇದನ್ನು ಮೊದಲೇ ತಿಳಿಯುವ ಹಕ್ಕಿದೆ.

ಎರಡನೆಯದು, ಬಾವಿಯ ಉಪ್ಪು ಅಳೆಯಿರಿ

ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಗಂಗಾವಳಿ, ಅಘನಾಶಿನಿಯಂಥ ನದಿಗಳ ಅಳಿವೆಯಲ್ಲಿ ಬೇಸಿಗೆಗೆ ಸಿಹಿನೀರಿನ ಹರಿವು ಇಳಿದು, ಭರತದ (ಕಡಲ ಉಬ್ಬರದ) ಜೊತೆ ಉಪ್ಪುನೀರು ಒಳನಾಡಿಗೆ ಏರುತ್ತದೆ. ಅಳಿವೆ ಬದಿಯ, ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಾದ ಗಜನಿ ಭೂಮಿಯ ಅಂಚಿನ, ಸಮುದ್ರದ ಹತ್ತಿರದ ಬಾವಿಗಳಲ್ಲಿ ಸಿಹಿನೀರು ಹಗುರವಾದ್ದರಿಂದ ಮೇಲೆ, ಉಪ್ಪುನೀರು ಭಾರವಾದ್ದರಿಂದ ಕೆಳಗೆ ನಿಂತಿರುತ್ತದೆ. ದೊಡ್ಡ ಪಂಪು ಹಚ್ಚಿ ಒಂದೇ ಸಮ ಎತ್ತಿದರೆ ಮೇಲಿನ ಪದರ ಖಾಲಿಯಾಗಿ ಕೆಳಗಿನ ಉಪ್ಪು ಮೇಲೇರುತ್ತದೆ. ಗದ್ದೆಯ ಮೂಲೆಯ ಹೊಂಡದಿಂದ ಕೊಡದಲ್ಲಿ ಮೊಗೆದು ಗಿಡಕ್ಕೆ ಹೊಯ್ಯುವವರು ಈ ಸಿಹಿ ಪದರವನ್ನಷ್ಟೇ ತೆಗೆಯುತ್ತಾರೆ. ಪಂಪಿನವರೂ ಅದನ್ನೇ ಮಾಡಬೇಕು: ಸಣ್ಣ ಪಂಪು, ಹೀರುವ ಕೊಳವೆ ನೀರಿನ ಮೇಲ್ಮಟ್ಟಕ್ಕೆ ಹತ್ತಿರ, ಸ್ವಲ್ಪ ಹೊತ್ತು ಎತ್ತಿ ನಿಲ್ಲಿಸಿ, ಬಾವಿ ತುಂಬಿದ ಮೇಲೆ ಮತ್ತೆ.

ಲವಣಾಂಶ ಅಳೆಯುವ ಇ.ಸಿ. ಮೀಟರ್ ಪೆನ್ನಿನಷ್ಟು ಚಿಕ್ಕದು, ಒಂದನ್ನು ಇಟ್ಟುಕೊಳ್ಳಿ. ಮಾರ್ಚ್‌ನಿಂದ ವಾರಕ್ಕೊಮ್ಮೆ ಅಳೆದು ಬರೆದಿಡಿ. ಅಳತೆ 0.7 ಡೆಸಿಸೀಮೆನ್ಸ್/ಮೀಟರ್ (dS/m) ಒಳಗಿದ್ದರೆ ಚಿಂತೆಯಿಲ್ಲ. ಅಲ್ಲಿಂದ 3ರವರೆಗೆ ಬೆಳೆ ನೋಡಿ ಬಳಸಬೇಕು. ಬೀನ್ಸ್, ಈರುಳ್ಳಿ, ಮೂಲಂಗಿ ಬೇಗ ಸೋಲುತ್ತವೆ, ಅಳಸಂದೆ ಹೆಚ್ಚು ತಾಳುತ್ತದೆ. 3 ದಾಟಿದರೆ ಆ ಬಾವಿಯ ನೀರನ್ನು ತರಕಾರಿಗೆ ಬಳಸಬೇಡಿ. ಎಲೆಯ ಅಂಚು ಸುಟ್ಟಂತಾಗಿದ್ದರೆ ಬಿಸಿಲೆಂದು ತಳ್ಳಿಹಾಕದೆ ನೀರನ್ನು ಅಳೆದು ನೋಡಿ. ಸವಳು ನೀರನ್ನು ಎಲೆಯ ಮೇಲೆ ಚಿಮುಕಿಸುವುದಂತೂ ಬೇಡವೇ ಬೇಡ. ಮಣ್ಣು, ನೀರಿನ ಪರೀಕ್ಷೆಯ ಬಗ್ಗೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಮೂರನೆಯದು, ನೀರಿನ ಲೆಕ್ಕ ಮತ್ತು ದರಕು (ಒಣಗಿದ ಎಲೆ)

ಬೇಸಿಗೆಯಲ್ಲಿ ಮಣ್ಣು ಮತ್ತು ಗಿಡ ಸೇರಿ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರನ್ನು ಗಾಳಿಗೆ ಬಿಡುತ್ತವೆ ಎಂದಿಟ್ಟುಕೊಳ್ಳಿ. ಒಂದು ಮಿಲಿಮೀಟರ್ ಎಂದರೆ ಚದರ ಮೀಟರಿಗೆ ಒಂದು ಲೀಟರ್. ಗುಂಟೆಗೆ 101 ಚದರ ಮೀಟರ್, ಅಂದರೆ ದಿನಕ್ಕೆ ಗುಂಟೆಗೆ 500 ಲೀಟರ್. ಬಾವಿ ದಿನಕ್ಕೆ ಎರಡು ಸಾವಿರ ಲೀಟರ್ ಮಾತ್ರ ಕೊಡುತ್ತದೆಂದಾದರೆ ಬೇಸಿಗೆಗೆ ನಾಲ್ಕು ಗುಂಟೆ ಸಾಕು. ಹತ್ತು ಗುಂಟೆಯಲ್ಲಿ ಗಿಡ ಬಾಡಿಸುವುದಕ್ಕಿಂತ ನಾಲ್ಕು ಗುಂಟೆಯನ್ನು ಚೆಂದಾಗಿ ನೋಡಿಕೊಳ್ಳುವುದು ಮೇಲು. ಹನಿ ನೀರಾವರಿಯಿದ್ದರೆ ಇನ್ನೂ ಸ್ವಲ್ಪ ವಿಸ್ತರಿಸಬಹುದು.

ನಮ್ಮ ಮರಳು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಎರಡು ದಿನಕ್ಕೊಮ್ಮೆ ಧಾರಾಳ ಹೊಯ್ದರೆ ಅರ್ಧ ಕೆಳಗಿಳಿದು ಹೋಗುತ್ತದೆ. ಬೆಳಿಗ್ಗೆ, ಸಂಜೆ ಸ್ವಲ್ಪ ಸ್ವಲ್ಪವೇ ಕೊಡಿ. ಸೌತೆ ಕಹಿಯಾಗುವುದಕ್ಕೂ, ಟೊಮೆಟೊ ತುದಿ ಕಪ್ಪಾಗಿ ಕೊಳೆಯುವುದಕ್ಕೂ ಏರುಪೇರಾದ ನೀರು ಒಂದು ಮುಖ್ಯ ಕಾರಣ. ಬುಡಕ್ಕೆ ಮೂರು ನಾಲ್ಕು ಇಂಚು ದರಕು ಅಥವಾ ಹುಲ್ಲು ಹಾಸಿ, ಕಾಂಡಕ್ಕೆ ತಾಗದಂತೆ ನೋಡಿಕೊಳ್ಳಿ. ಸಸಿಮಡಿಗೆ ನೆರಳುಬಲೆ ಬೇಕು. ಅದನ್ನು ಎತ್ತರಕ್ಕೆ ಕಟ್ಟಿ, ಮಧ್ಯಾಹ್ನದ ಕಡಲಗಾಳಿ ಒಳಗೆ ಆಡುವಂತೆ ಪಡುವಣ ಬದಿ ತೆರೆದು ಬಿಡಿ.

ನಾಲ್ಕನೆಯದು, ಹೂವು ಮತ್ತು ನೊಣ

ಸೆಕೆ ಹೆಚ್ಚಿದಾಗ ಬಳ್ಳಿ ತರಕಾರಿಯಲ್ಲಿ ಗಂಡು ಹೂವೇ ಹೆಚ್ಚು ಬರುತ್ತದೆ. ಜೇನು ಕಡಿಮೆ ಇದ್ದರೆ ಕೈಯಲ್ಲೇ ಪರಾಗ ತಾಗಿಸಿ. ಕುಂಬಳ, ಸೌತೆಗೆ ಬೆಳಗಿನ ಜಾವ, ಸಂಜೆ ಅರಳುವ ಹೀರೆ, ಸೋರೆಗೆ ಸಂಜೆ. ಆ ಹೊತ್ತಿನಲ್ಲಿ ಬೇವಿನೆಣ್ಣೆಯನ್ನೂ ಸಿಂಪಡಿಸಬೇಡಿ. ಹಣ್ಣು ನೊಣಕ್ಕೆ, ಗಂಡು ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಕ್ಯೂ-ಲ್ಯೂರ್ ಬಲೆ ಕಟ್ಟಿ. ನೊಣ ಚುಚ್ಚಿದ ಕಾಯಿಯನ್ನು ಗದ್ದೆಯಲ್ಲಿ ಬಿಡದೆ ಒಂದಡಿಗಿಂತ ಆಳಕ್ಕೆ ಹೂಳಿ. ಬೆಂಡೆಯ ಹಳದಿ ನಂಜುರೋಗವನ್ನು ಬಿಳಿನೊಣ ಹರಡುತ್ತದೆ. ಅರ್ಕಾ ಅನಾಮಿಕಾ ತಳಿಯ ತಡೆಶಕ್ತಿ ಈಗ ಹಲವೆಡೆ ಕುಗ್ಗಿರುವುದರಿಂದ, ರೋಗದ ಗಿಡ ಕಂಡ ದಿನವೇ ಕಿತ್ತುಹಾಕುವುದೇ ಗಟ್ಟಿ ಉಪಾಯ.

ಐದನೆಯದು, ಕೊಯ್ಲು ಮತ್ತು ಬುಟ್ಟಿ

ಸೊಪ್ಪನ್ನು ಸೂರ್ಯ ಹುಟ್ಟುವ ಮೊದಲೇ ಕೊಯ್ದು, ತಣ್ಣೀರಿನಲ್ಲಿ ಅದ್ದಿ, ನೀರು ಬಸಿದು, ಒದ್ದೆ ಗೋಣಿಯಲ್ಲಿ ಸುತ್ತಿ. ಎಂಟು ಗಂಟೆಯೊಳಗೆ ಬುಟ್ಟಿ ಮನೆ ಸೇರಲಿ. ಇಟ್ಟಿಗೆ, ಮರಳಿನ ಶೀತಲ ಕೋಣೆ ಕಟ್ಟಿ ಎಂದು ಹಲವರು ಹೇಳುತ್ತಾರೆ. ನೀರು ಆವಿಯಾಗುತ್ತಲೇ ತಂಪು ಮಾಡುವ ಆ ಕೋಣೆ ಒಣ ಹವೆಯ ಮುಂಡಗೋಡ, ಹಳಿಯಾಳದ ಕಡೆ ಒಳ್ಳೆಯ ಕೆಲಸ ಮಾಡುತ್ತದೆ. ಬೆವರೇ ಆರದ ಕಾರವಾರದ ಸೆಕೆಯಲ್ಲಿ ಅದರ ಪ್ರಯೋಜನ ಕಡಿಮೆ, ಆ ದುಡ್ಡನ್ನು ಹನಿ ಕೊಳವೆಗೆ ಹಾಕಿ.

ಕೊನೆಯದು, ಮೇ ತಿಂಗಳ ಮಳೆಗೆ ಮುಂಚೆ

ಗುಡುಗು ಸಹಿತ ಅಡ್ಡಮಳೆ ಯಾವಾಗ ಬೇಕಾದರೂ ಬರಬಹುದು. ಒಣಗಿದ ಮಣ್ಣಿಗೆ ಒಮ್ಮೆಲೇ ನೀರು ಬಿದ್ದರೆ ಬಲಿತ ಕಾಯಿ ಸೀಳುತ್ತದೆ. ಮೋಡ ಕಟ್ಟಿದ ದಿನವೇ ಬಲಿತದ್ದನ್ನೆಲ್ಲ ಕೊಯ್ಯಿರಿ. ಮೊಗೆಕಾಯಿಯನ್ನು ಚೆನ್ನಾಗಿ ಬಲಿಸಿ, ತೊಟ್ಟು ಸಮೇತ ಕೊಯ್ದು, ಗಾಯವಾಗದಂತೆ ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಅಡ್ಡೆಗೆ ತೂಗಿಸಿ. ಒಂದಕ್ಕೊಂದು ತಾಗದಿದ್ದರೆ ತಿಂಗಳುಗಟ್ಟಲೆ ಕೆಡದು. ಜೂನ್‌ನ ಜಡಿಮಳೆಗೆ ಮಡಿಯ ಸೊಪ್ಪೆಲ್ಲ ಕೊಳೆತು, ಮಳೆಗಾಲದ ಬೆಂಡೆ, ಹೀರೆ ಇನ್ನೂ ಕಾಯಿಗೆ ಬಾರದ ಆ ಎರಡು ಮೂರು ವಾರ ಬುಟ್ಟಿಗೆ ಬೀಳುವುದು ಇದೇ ಮೊಗೆ ಮತ್ತು ಒಣಗಿಸಿಟ್ಟ ಈರುಳ್ಳಿ. ಮನೆಯೊಂದಕ್ಕೆ ವಾರಕ್ಕೆ ಒಂದು ಮೊಗೆಯಂತೆ ಲೆಕ್ಕ ಹಾಕಿ, ಅಷ್ಟು ಕಾಯಿಗೆ ಬೇಕಾಗುವ ಬಳ್ಳಿಯನ್ನು ಫೆಬ್ರುವರಿಯಲ್ಲೇ ಹಾಕಿರಿ.